ನಿರ್ಋತಿಯೂ ಮೂಲಾ ನಕ್ಷತ್ರವೂ

ಈಚಿನ ಕೆಲವು ವರ್ಷಗಳಿಂದ ಪಾಶ್ಚಾತ್ಯ ದೇಶಗಳಲ್ಲಿಯೂ, ಅವುಗಳನ್ನು ನೋಡಿ ನಮ್ಮ ದೊಡ್ಡ ಪಟ್ಟಣಗಳಲ್ಲಿಯೂ, ಒಂದು ಬಗೆಯ ಪುಸ್ತಕಗಳು ಹೇರಳವಾಗಿ ಹೊರಡುತ್ತಿವೆ. ಅವುಗಳ ವಸ್ತು ‘ಕರಾಳ ಸ್ತ್ರೀಶಕ್ತಿ’. ಕೋಪ, ಕಾಮ, ಹಟ, ಏಕಾಂತಪ್ರೀತಿ ಮೊದಲಾದ, ಲೋಕವು ಹೆಂಗಸಿನಲ್ಲಿ ಒಲ್ಲೆನೆಂದ ಗುಣಗಳನ್ನು ಆಕೆ ಇನ್ನು ಮುಂದೆ ಮರೆಮಾಡದೆ ತನ್ನವೆಂದು ಅಪ್ಪಿಕೊಳ್ಳಬೇಕು. ಇದಕ್ಕೆ ಪ್ರಾಚೀನ ಪುರಾಣಗಳ ಉಗ್ರದೇವಿಯರೇ ಮಾದರಿ. ಯಾರಲ್ಲಿ ಯಾವ ದೇವಿಯ ಅಂಶವು ಎಷ್ಟರಮಟ್ಟಿಗೆ ಇದೆಯೆಂಬುದನ್ನು ಜಾತಕವು ತಿಳಿಸಿಕೊಡುವುದು. ಇಷ್ಟು ಅವುಗಳ ಸಾರ.

ಇಂಥ ಬರೆವಣಿಗೆಯನ್ನು ಕಂಡೊಡನೆ ನಗುವ ವಿದ್ವಾಂಸರುಂಟು. ಆ ನಗುವಿನಲ್ಲಿ ನಾವು ಸೇರಲಾರೆವು. ಮೆಲ್ಲಗೆ ಮಾತಾಡಬೇಕು, ತಗ್ಗಿ ನಡೆಯಬೇಕು ಎಂಬ ಉಪದೇಶವನ್ನೇ ಕೇಳುತ್ತ ಬೆಳೆದವಳಿಗೆ, ನಾಲಗೆ ಚಾಚಿ ರುಂಡಮಾಲೆ ಧರಿಸಿ ನಿಂತವಳೊಬ್ಬಳು ಲೋಕಕ್ಕೆಲ್ಲ ತಾಯಿಯೆಂಬ ಮಾತು ಎಷ್ಟು ದೊಡ್ಡ ಆಸರೆಯಾದೀತೆಂಬುದು ವಿಮರ್ಶಕನ ಮೇಜಿನ ಮುಂದೆ ಕುಳಿತವನಿಗೆ ಸುಲಭವಾಗಿ ತಿಳಿಯತಕ್ಕುದಲ್ಲ. ನಮ್ಮ ತಕರಾರು ಬೇರೆಯದು. ಈ ಪುಸ್ತಕಗಳು ಪುರಾಣವನ್ನು ಓದುವುದಿಲ್ಲ. ಪುರಾಣದಿಂದ ಹೆಸರುಗಳನ್ನು ಮಾತ್ರ ಎತ್ತಿಕೊಳ್ಳುತ್ತವೆ. ಓದಿದ್ದರೆ, ಕರಾಳದೇವಿಯ ವಿಷಯವಾಗಿ ಹಿಂದಿನವರು ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳನ್ನು ಹೇಳಿರುವರೆಂದೂ, ಅವುಗಳಲ್ಲೊಂದು ಇಂದಿಗೂ ನಮ್ಮ ಮನೆಗಳ ಹೆಣ್ಣುಮಕ್ಕಳ ಬಾಳಿಗೆ ತೊಡಕಾಗಿದೆಯೆಂದೂ ಈ ಗ್ರಂಥಕರ್ತರಿಗೆ ಹೊಳೆಯುತ್ತಿದ್ದಿತು.

ಮೊದಲು ಅವರ ಮೆಚ್ಚಿನ ದೇವತೆಯನ್ನೇ ನೋಡೋಣ. ಆಕೆ ಯೆಹೂದ್ಯರ ಲಿಲಿತ್. ಹೀಬ್ರೂ ಬೈಬಲಿನ ಯೆಶಾಯನ ಗ್ರಂಥದ ೩೪ನೆಯ ಅಧ್ಯಾಯದಲ್ಲಿ, ಪಾಳುಬಿದ್ದ ಎದೋಮ್ ನಾಡಿನಲ್ಲಿ ಬೀಡುಬಿಡುವ ಕಾಡುಮೃಗಗಳ ನಡುವೆ, ಆಕೆಯ ಹೆಸರು ಒಮ್ಮೆ ಬಂದು ಹೋಗುತ್ತದೆ. ಆಕೆ ಆದಾಮನ ಮೊದಲ ಹೆಂಡತಿಯೆಂದೂ, ಇಬ್ಬರೂ ಒಂದೇ ಮಣ್ಣಿನಿಂದಾದವರಾದ್ದರಿಂದ ಅವನಿಗೆ ಅಡಿಯಾಳಾಗಿರೆನೆಂದು ಹಾರಿಹೋದಳೆಂದೂ ಹೇಳುವ ಕಥೆ ಬರುವುದು ‘ಬೆನ್ ಸಿರನ ಅಕ್ಷರಮಾಲೆ’ಯೆಂಬ ಬಹುಕಾಲ ಈಚಿನ ಕೃತಿಯಲ್ಲಿ, ಅದನ್ನು ಕ್ರಿ. ಶ. ಎಂಟರಿಂದ ಹತ್ತನೆಯ ಶತಮಾನದೊಳಗೆ ಇಡುವರು. ಇರಲಿ, ಕಥೆ ಒಳ್ಳೆಯ ಕಥೆಯೇ. ಜ್ಯೋತಿಷ್ಯದ ಲಿಲಿತ್ ಎಂಬುವಳ ಹುಟ್ಟು ಮಾತ್ರ ತಮಾಷೆಯದು. ೧೮೯೮ರಲ್ಲಿ ಹ್ಯಾಂಬರ್ಗಿನ ವಾಲ್ಟೆಮಾಟ್ ಎಂಬಾತನು ಭೂಮಿಗೆ ಎರಡನೆಯ ಚಂದ್ರನೊಂದು ಉಂಟೆಂದು ಸಾರಿದನು. ಖಗೋಳಜ್ಞರಿಗೆ ಅದು ಸಿಕ್ಕಲಿಲ್ಲ. ೧೯೧೮ರಲ್ಲಿ ಸೆಫೇರಿಯಲ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಆಂಗ್ಲ ಜ್ಯೋತಿಷಿಯು ಆ ಇಲ್ಲದ ಚಂದ್ರನಿಗೆ ಲಿಲಿತ್ ಎಂದು ಹೆಸರಿಟ್ಟನು. ೧೯೨೭ರಲ್ಲಿ ಆಲ್ಜೀರ್ಸಿನಲ್ಲಿ ಕಂಡುಹಿಡಿದ ೧೧೮೧ನೆಯ ಕ್ಷುದ್ರಗ್ರಹಕ್ಕೂ ಲಿಲಿತ್ ಎಂದೇ ಹೆಸರು. ಆದರೆ ಆ ಹೆಸರು ಬಂದುದು ಲಿಲಿ ಬೂಲಾಂಜೆ ಎಂಬ ಫ್ರೆಂಚ್ ಸಂಗೀತಕರ್ತ್ರಿಯ ಗೌರವಾರ್ಥವಾಗಿ. ಈಗ ‘ಕರಿಯ ಚಂದ್ರ’ನೆಂದು ಎಲ್ಲರೂ ಜಾತಕದಲ್ಲಿ ಗುರುತಿಸುವುದು ಇವೆರಡೂ ಅಲ್ಲದ ಮೂರನೆಯದು. ಅದು ಚಂದ್ರನ ಕಕ್ಷೆಯಲ್ಲಿ ಭೂಮಿಗೆ ಅತಿ ದೂರವಾದ ಬಿಂದು. ಅಲ್ಲಿ ಕಲ್ಲಿಲ್ಲ, ಮಣ್ಣಿಲ್ಲ. ನಮ್ಮ ಸಿದ್ಧಾಂತಿಗಳು ಅದನ್ನು ಚಂದ್ರೋಚ್ಚವೆಂದು ಚೆನ್ನಾಗಿ ಬಲ್ಲರು. ಒಂದು ಮಹಾಯುಗಕ್ಕೆ ಅದು ೪,೮೮,೨೦೩ ಸುತ್ತು ಬರುವುದೆಂದು ಸೂರ್ಯಸಿದ್ಧಾಂತವು ಲೆಕ್ಕ ಕೊಟ್ಟಿದೆ. ಎಂದರೆ ಸುತ್ತಿಗೆ ಎಂಟು ವರ್ಷ ಹತ್ತು ತಿಂಗಳು. ಇಲ್ಲದ ಚಂದ್ರನೊಂದು, ಸಂಗೀತಗಾರ್ತಿಯ ಹೆಸರಿನ ಕಲ್ಲೊಂದು, ಗಣಿತದ ಬಿಂದುವೊಂದು, ಈ ಮೂರೂ ಒಂದೇ ಹೆಸರಿನಲ್ಲಿ ಕೂಡಿ ಇಂದಿನ ಹೆಂಗಸಿಗೆ ಆಕೆಯ ಒಳಗಣ ಕತ್ತಲೆಯನ್ನು ತಿಳಿಸಿಕೊಡುತ್ತಿವೆ.

ಈ ವಿಷಯ ಇಷ್ಟಕ್ಕೇ ಸಾಕು. ಅದೇ ಪುಸ್ತಕಗಳು ಲಿಲಿತ್ತಳ ಪಕ್ಕದಲ್ಲಿ ನಮ್ಮ ಕಾಳಿಯನ್ನೂ ನಿಲ್ಲಿಸುತ್ತಿರುವುದರಿಂದ, ನಮ್ಮ ಗ್ರಂಥಗಳು ಹೇಳುವುದೇನೆಂಬುದನ್ನು ನಾವು ವಿಚಾರಿಸಬೇಕಾಗಿದೆ.

ಕಾಳಿಗಿಂತಲೂ ಹಳೆಯವಳು ನಿರ್ಋತಿ. ಋಗ್ವೇದದಲ್ಲಿ ಆಕೆ ಅಳಿವು, ಕೇಡು, ಕೊಳೆತ ಇವುಗಳ ದೇವಿ. ಹತ್ತನೆಯ ಮಂಡಲದ ೫೯ನೆಯ ಸೂಕ್ತವು ಆಕೆ ದೂರ, ಇನ್ನೂ ದೂರ ಹೋಗಲೆಂದು ಮತ್ತೆ ಮತ್ತೆ ಬೇಡುತ್ತದೆ. ಬೇಡಿಕೆಯ ಒಕ್ಕಣೆಯನ್ನು ಗಮನಿಸಬೇಕು: ಆಕೆಯನ್ನು ಕೊಲ್ಲುವ ಮಾತಿಲ್ಲ, ಆಕೆ ಇಲ್ಲವೆಂಬ ಮಾತೂ ಇಲ್ಲ. ಅಗ್ನಿಚಯನದಲ್ಲಿ ಹೊಟ್ಟಿನ ಬೆಂಕಿಯಲ್ಲಿ ಸುಟ್ಟ ಮೂರು ಕರಿಯ ಇಟ್ಟಿಗೆಗಳನ್ನು ಆಕೆಯ ದಿಕ್ಕಿನಲ್ಲಿಟ್ಟು, ಹಿಂತಿರುಗಿ ನೋಡದೆ ಬರಬೇಕೆಂಬ ವಿಧಿಯುಂಟು. ಆಕೆಗೆ ಸಲ್ಲಬೇಕಾದುದನ್ನು ಸಲ್ಲಿಸಿ, ಆಕೆಯೊಡನೆ ಸಲಿಗೆಗೆ ಹೋಗದಿರುವುದು. ಆಕೆಯ ದಿಕ್ಕಿಗೆ ಇಂದಿಗೂ ಆಕೆಯ ಹೆಸರೇ. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ನೈಋತ್ಯ ಮಾರುತದ ಸುದ್ದಿಗಾಗಿ ಪತ್ರಿಕೆ ತಿರುವುವ ರೈತನು, ತಿಳಿದೋ ತಿಳಿಯದೆಯೋ, ಆ ಕರಿಯ ದೇವಿಯ ಮೂಲೆಯ ಕಡೆಗೇ ಮುಖಮಾಡಿ ನಿಂತಿರುತ್ತಾನೆ. ಮುಂದೆ ದಿಕ್ಪಾಲಕರ ಸಾಲು ಗಟ್ಟಿಯಾದಾಗ ಆಕೆ ಖಡ್ಗ ಹಿಡಿದ, ನರವಾಹನನಾದ ಪುರುಷನಾಗಿ ಹೋದಳು. ನಮ್ಮ ದೇವಾಲಯಗಳ ಭುವನೇಶ್ವರಿಗಳಲ್ಲಿ ತಲೆಯೆತ್ತಿ ನೋಡಿದರೆ ಕಾಣುವವನು ಈ ನಿರ್ಋತಿಯೇ. ದೇವಿಯ ಸ್ಥಾನ ಗಂಡಿಗೆ ಹೋಯಿತು. ದೇವಿಯ ದೋಷ ಮಾತ್ರ ಹೆಣ್ಣಿನಲ್ಲಿ ಉಳಿಯಿತು.

ಆ ದೋಷವು ಹೆಣ್ಣಿನಲ್ಲಿ ಮೊದಲು ನೆಲೆಗೊಂಡ ಬಗೆಯನ್ನು ಶತಪಥ ಬ್ರಾಹ್ಮಣದ ಐದನೆಯ ಕಾಂಡದಲ್ಲಿ ಕಾಣಬಹುದು. ರಾಜಸೂಯದ ಅಂಗವಾಗಿ ಅರಸನು ಒಬ್ಬೊಬ್ಬ ಅಧಿಕಾರಿಯ ಮನೆಗೆ ಹೋಗಿ ಒಂದೊಂದು ದೇವತೆಗೆ ಹವಿಸ್ಸು ಕೊಡುತ್ತಾನೆ. ಕಡೆಯದಾಗಿ ಅವನು ಹೋಗಬೇಕಾದುದು ತಾನೇ ತೊರೆದ ಹೆಂಡತಿಯ ಮನೆಗೆ. ಅಲ್ಲಿ ನಿರ್ಋತಿಗಾಗಿ ಕರಿಯ ಅಕ್ಕಿಯ ಚರು. ಆ ಅಕ್ಕಿಯನ್ನು ಒನಕೆಯಿಂದ ಕುಟ್ಟದೆ ಉಗುರಿನಿಂದ ಸುಲಿಯಬೇಕು. ಕಾರಣವನ್ನೂ ಗ್ರಂಥವೇ ಹೇಳುತ್ತದೆ: ಆಕೆಗೆ ಮಗನಿಲ್ಲ; ಮಗನಿಲ್ಲದ ಹೆಂಡತಿಯನ್ನು ನಿರ್ಋತಿಯು ಹಿಡಿದಿರುತ್ತಾಳೆ. ದಕ್ಷಿಣೆಗೆ ಕರಿಯ, ಮುದಿಯ, ರೋಗದ ಹಸು. ಅಂದು ತನ್ನ ರಾಜ್ಯದಲ್ಲಿ ಇರಕೂಡದೆಂದು ಅರಸನು ಆಕೆಗೆ ಹೇಳುತ್ತಾನೆ. ಈ ನಾಲ್ಕೈದು ವಾಕ್ಯಗಳಲ್ಲಿ ಆ ಹೆಂಗಸಿನ ಹೆಸರಿಲ್ಲ, ಉತ್ತರವಿಲ್ಲ. ಇಡೀ ವೈದಿಕ ಗದ್ಯದಲ್ಲಿ ಇಷ್ಟು ಕಡಮೆ ಮಾತಿನಲ್ಲಿ ಇಷ್ಟು ಕಠಿನವಾದ ಸನ್ನಿವೇಶವು ವಿರಳವೆಂದು ನಮಗೆ ತೋರುತ್ತದೆ. ಋಕ್ಕು ದೂರವಾಗಲೆಂದು ಬೇಡಿದ ಕೇಡು ಇಲ್ಲಿ ಒಬ್ಬ ಹೆಂಗಸಿನ ಮನೆಬಾಗಿಲಿನಲ್ಲಿ ಬಂದು ನಿಂತಿದೆ. ಕೇಡನ್ನು ಅಟ್ಟುವುದೆಂದರೆ ಆಕೆಯನ್ನು ಅಟ್ಟುವುದೆಂದಾಗಿದೆ.

ಜ್ಯೋತಿಷ್ಯವು ಕೈಗೊಂಡುದು ಈ ಎರಡನೆಯ ದಾರಿಯನ್ನು. ಇಪ್ಪತ್ತೇಳು ನಕ್ಷತ್ರಗಳಲ್ಲಿ ಹತ್ತೊಂಬತ್ತನೆಯದಾದ ಮೂಲೆಗೆ ನಿರ್ಋತಿ ಅಧಿದೇವತೆ. ಬೇಸಿಗೆಯ ಕೊನೆಯ ರಾತ್ರಿಗಳಲ್ಲಿ ದಕ್ಷಿಣದ ಆಕಾಶವನ್ನು ನೋಡಿದರೆ ಚೇಳಿನ ಬಾಲದಂತೆ ಕೊಂಕಿದ ಚುಕ್ಕಿಗಳ ಸಾಲು ಕಾಣುವುದು, ಅದೇ ಮೂಲಾ. ವಿಚಿತ್ರವೆಂದರೆ, ಆ ಬಾಲದ ತುದಿಯ ಜೋಡಿ ಚುಕ್ಕಿಗಳಿಗೆ ಅಥರ್ವವೇದದಲ್ಲಿ ‘ವಿಚೃತೌ’ ಎಂದು ಹೆಸರು. ಬಿಡಿಸುವವರು, ಕಟ್ಟನ್ನು ಕಳಚುವವರು ಎಂದರ್ಥ. ವಂಶದಿಂದ ಬಂದ ರೋಗದ ಪಾಶವನ್ನು ಅವು ಬಿಚ್ಚಲೆಂದು ಋಷಿಯ ಪ್ರಾರ್ಥನೆ. ತೈತ್ತಿರೀಯ ಬ್ರಾಹ್ಮಣದ ನಕ್ಷತ್ರಮಂತ್ರವಂತೂ ಮೂಲೆಯಿಂದ ವೀರಸಂತಾನವನ್ನೇ ಬೇಡುತ್ತದೆ, ನಿರ್ಋತಿಯು ಮಾತ್ರ ಆಚೆ ತೊಲಗಲೆನ್ನುತ್ತದೆ. ಎಂದರೆ ಆ ಮಂತ್ರದ ಕರ್ತೃವಿಗೆ ನಕ್ಷತ್ರವೂ ಕೇಡೂ ಒಂದಲ್ಲ. ಒಂದನ್ನು ಕರೆದು ಒಂದನ್ನು ಕಳುಹಿಸುವಷ್ಟು ಬಿಡುವು ಅವೆರಡರ ನಡುವೆ ಅವನಿಗೆ ಕಂಡಿತ್ತು.

ಆ ಬಿಡುವು ಮುಂದೆ ಮುಚ್ಚಿಹೋಯಿತು. ಆಶ್ಲೇಷೆ ಅತ್ತೆಗಾಗದು, ಮೂಲೆ ಮಾವನಿಗಾಗದು, ಜ್ಯೇಷ್ಠೆ ಭಾವನಿಗಾಗದು, ವಿಶಾಖೆ ಮೈದುನನಿಗಾಗದು ಎಂಬ ಪಟ್ಟಿಯನ್ನು ಕೇಳದ ಮನೆ ನಮ್ಮಲ್ಲಿ ಕಡಮೆ. ತಮಿಳರ ಗಾದೆಯು ಇನ್ನೂ ಮುಂದೆ ಹೋಗಿ, ಗಂಡು ಮೂಲೆಯಲ್ಲಿ ಹುಟ್ಟಿದರೆ ಅರಸಾಳುವನೆಂದೂ ಹೆಣ್ಣು ಹುಟ್ಟಿದರೆ ನಿರ್ಮೂಲವೆಂದೂ ಪ್ರಾಸಕ್ಕಾಗಿ ಒಂದು ಬಾಳನ್ನೇ ತೆತ್ತಿದೆ. ಚಂದ್ರನು ನಕ್ಷತ್ರಕ್ಕೆ ಒಂದು ದಿನದಂತೆ ನಡೆಯುವುದರಿಂದ, ವಿಶಾಖೆಯನ್ನು ಬಿಟ್ಟು ಉಳಿದ ಮೂರನ್ನೇ ಲೆಕ್ಕ ಹಿಡಿದರೂ ಹುಟ್ಟುವ ಹೆಣ್ಣುಮಕ್ಕಳಲ್ಲಿ ಸುಮಾರು ಒಂಬತ್ತಕ್ಕೊಬ್ಬಳು ಈ ಪಟ್ಟಿಯೊಳಗೆ ಬೀಳುವಳು. ಹುಟ್ಟಿದ ಗಳಿಗೆಯನ್ನು ಹಿಂದುಮುಂದು ಮಾಡಿ ಜಾತಕ ಬರೆಸುವುದು, ಮಾವನಿಲ್ಲದ ಮನೆಯನ್ನೇ ಹುಡುಕಿ ಹೆಣ್ಣು ಕೊಡುವುದು, ಇವೆಲ್ಲ ಇಂದಿಗೂ ನಡೆಯುತ್ತಿರುವ ಉಪಾಯಗಳು. ವರನಿಗೆ ತಂದೆಯಿಲ್ಲವೆಂಬುದು ಒಂದು ಸಂಬಂಧದ ಯೋಗ್ಯತೆಯಾಗುವುದಕ್ಕಿಂತ ವಿಪರೀತವಾದ ಮಾತು ಇನ್ನೇನಿದೆ!

ಇಲ್ಲಿ ಗ್ರಂಥವನ್ನು ತೆರೆದು ನೋಡುವುದು ಲೇಸು. ಈ ನಂಬಿಕೆಗೆ ಸಾಮಾನ್ಯವಾಗಿ ಆಧಾರವೆಂದು ತೋರಿಸುವುದು, ಕ್ರಿ. ಶ. ೧೬೦೦ರಲ್ಲಿ ಕಾಶಿಯಲ್ಲಿ ರಾಮದೈವಜ್ಞನು ರಚಿಸಿದ ಮುಹೂರ್ತಚಿಂತಾಮಣಿಯ ವಿವಾಹಪ್ರಕರಣವನ್ನು. ಅಲ್ಲಿ ಈ ಮಾತು ಇರುವುದು ನಿಜ. ಆದರೆ ಆಶ್ಲೇಷೆ ಮೂಲೆಗಳ ದೋಷವನ್ನು ಹೇಳುವಾಗ ಆತನು ಹೆಣ್ಣು ಗಂಡು ಇಬ್ಬರನ್ನೂ ಒಂದೇ ಸಮಾಸದಲ್ಲಿ ಸೇರಿಸಿ ಹೇಳಿರುವನು. ಮೂಲೆಯಲ್ಲಿ ಹುಟ್ಟಿದ ವರನೂ ತನ್ನ ಮಾವನಿಗೆ ಅಷ್ಟೇ ಕೆಟ್ಟವನು. ಅದಕ್ಕೆ ಹೊಂದಿಕೊಂಡ ಮುಂದಿನ ಶ್ಲೋಕದಲ್ಲಿಯೇ ಮೂಲೆಯ ಕಡೆಯ ಪಾದದಲ್ಲಿಯೂ ಆಶ್ಲೇಷೆಯ ಮೊದಲ ಪಾದದಲ್ಲಿಯೂ ಹುಟ್ಟಿದವರು ಶುಭರೆಂದೂ, ವಿಶಾಖೆಯ ಮೊದಲ ಮೂರು ಪಾದಗಳ ಕನ್ಯೆಯು ಮೈದುನನಿಗೆ ಸುಖವನ್ನೇ ತರುವಳೆಂದೂ ಅಪವಾದಗಳನ್ನು ಕೊಟ್ಟಿರುವನು. ನಮ್ಮ ಜನರು ಮೊದಲ ಶ್ಲೋಕದಿಂದ ಗಂಡನ್ನು ಅಳಿಸಿ, ಎರಡನೆಯ ಶ್ಲೋಕವನ್ನು ಪೂರ್ತಿಯಾಗಿ ಮರೆತು, ಉಳಿದುದಕ್ಕೆ ಶಾಸ್ತ್ರವೆಂದು ಹೆಸರಿಟ್ಟರು. ಆ ಶಾಸ್ತ್ರವನ್ನು ನಾವು ಸಮರ್ಥಿಸುತ್ತಿಲ್ಲ. ಅದನ್ನು ನಂಬುವವರಾದರೂ ಅದನ್ನು ಓದಿಲ್ಲವೆಂಬುದಷ್ಟೇ ನಮ್ಮ ಮಾತು. ಇದೇ ಮನೆಗಳಲ್ಲಿ ನವರಾತ್ರಿಯ ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಜೋಡಿಸಿಟ್ಟು ಸರಸ್ವತಿಯನ್ನು ಆವಾಹಿಸುವರು. ಅಂದು ಬರುವ ದೇವಿಗೆ ಯಾರೂ ಜಾತಕ ಕೇಳುವುದಿಲ್ಲ.

ಇನ್ನು ಮೊದಲಿನ ದಾರಿ. ಅದನ್ನು ಮುಂದುವರಿಸಿದುದು, ಮುಂದುವರಿಸಿ ಬೇರೆಯೇ ಎತ್ತರಕ್ಕೆ ಒಯ್ದುದು, ಮಾರ್ಕಂಡೇಯ ಪುರಾಣದೊಳಗಣ ದೇವೀಮಾಹಾತ್ಮ್ಯ. ಚಿದಾನಂದಾವಧೂತರ ಷಟ್ಪದಿಯ ಮೂಲಕ ಈ ಕಥೆಯು ನಮ್ಮ ಉತ್ತರದ ಜಿಲ್ಲೆಗಳ ಮನೆಮನೆಗೂ ಪರಿಚಿತವಾದುದರಿಂದ ವಿಸ್ತರಿಸಬೇಕಾಗಿಲ್ಲ. ಮೂರು ಸ್ಥಳಗಳನ್ನು ಮಾತ್ರ ಓದುಗರ ಮುಂದಿಡುವೆವು.

ಐದನೆಯ ಅಧ್ಯಾಯದಲ್ಲಿ ದೇವತೆಗಳು ಹಿಮಾಲಯದಲ್ಲಿ ನಿಂತು ಸ್ತುತಿಸುತ್ತಾರೆ. ಆ ಸ್ತುತಿಯಲ್ಲಿ ದೇವಿಯನ್ನು ‘ನೈಋತಿ’ಯೆಂದೂ ಅರಸರ ಲಕ್ಷ್ಮಿಯೆಂದೂ ಒಂದೇ ಉಸಿರಿನಲ್ಲಿ ವಂದಿಸಿದೆ. ಅರಸನ ರಾಜ್ಯದಿಂದ ಅಟ್ಟಲ್ಪಟ್ಟವಳೂ ಅರಸನ ರಾಜ್ಯಶ್ರೀಯೂ ಒಬ್ಬಳೇ! ಶತಪಥದ ಪ್ರಕರಣವನ್ನು ಬಲ್ಲವರಿಗೆ ಈ ಜೋಡಣೆಯು ಬರಿಯ ನಾಮಾವಳಿಯಾಗಿ ಕೇಳಿಸದು. ಅದೇ ಅಧ್ಯಾಯದಲ್ಲಿ ಮುಂದೆ ಪಾರ್ವತಿಯ ಶರೀರಕೋಶದಿಂದ ಕೌಶಿಕಿಯು ಹೊರಬರುತ್ತಾಳೆ. ಬೆಳ್ಳಗಿನ ಚೆಲುವೆಯು ಹೊರಬಂದ ಮೇಲೆ ಪಾರ್ವತಿಯು ತಾನು ಕಪ್ಪಾಗಿ ಕಾಳಿಕೆಯೆನಿಸುವಳು. ಇಲ್ಲಿ ಬಿಳುಪು ಕಪ್ಪಿನಿಂದ ಬಿಡುಗಡೆಯಾಯಿತು. ಏಳನೆಯ ಅಧ್ಯಾಯದಲ್ಲಿ ಇದರ ತಿರುಗುಮುರುಗು: ಚಂಡಮುಂಡರು ಹಿಡಿಯಬಂದಾಗ ಅಂಬಿಕೆಯ ಮುಖವು ಕೋಪದಿಂದ ಮಸಿಯಾಗುತ್ತದೆ, ಗಂಟಿಕ್ಕಿದ ಹಣೆಯಿಂದ ಕತ್ತಿಪಾಶಗಳನ್ನು ಹಿಡಿದ ಕಾಳಿಯು ಹೊರಡುತ್ತಾಳೆ. ಒಣಗಿದ ಮಾಂಸ, ಗುಳಿಬಿದ್ದ ಕೆಂಗಣ್ಣು, ತೆರೆದ ಬಾಯಿ. ಆನೆಗಳನ್ನು ಮಾವಟಿಗರೊಡನೆ, ಗಂಟೆಗಳೊಡನೆ ಬಾಯಿಗೆ ಹಾಕಿಕೊಳ್ಳುವಳು. ಆ ಗಂಟೆಗಳನ್ನು ನೆನೆದ ಕವಿ ದೊಡ್ಡವನು; ಭಯಾನಕವು ಅಲ್ಲಿ ಕಿವಿಗೂ ಕೇಳಿಸುತ್ತದೆ.

ಪುರಾಣಕಾರನು ಕಪ್ಪು ಬಿಳುಪುಗಳನ್ನು ಹೀಗೆ ಹಿಂದಕ್ಕೂ ಮುಂದಕ್ಕೂ ಹೊರಳಿಸಿರುವುದು ಅಜಾಗರೂಕತೆಯಿಂದಲ್ಲ. ಕಪ್ಪೆಂಬುದು ಇಂಥವಳ ಹುಟ್ಟುಗುಣವೆಂದು ಬೆರಳು ಮಾಡಿ ತೋರಿಸಲು ಅವನು ಎಲ್ಲಿಯೂ ಎಡೆಗೊಟ್ಟಿಲ್ಲ. ಕಾಳಿಯು ಒಂದು ಸಂದರ್ಭದಲ್ಲಿ, ಒಂದು ಅನ್ಯಾಯದ ಎದುರಿಗೆ, ಒಂದು ಕೆಲಸಕ್ಕಾಗಿ ಮೂಡಿದವಳು. ಕೆಲಸ ಮಾಡಿದಳು, ಚಂಡಮುಂಡರ ತಲೆಗಳನ್ನು ತಂದೊಪ್ಪಿಸಿದಳು, ಅದರಿಂದ ಚಾಮುಂಡೆಯೆಂಬ ಹೆಸರನ್ನು ಪಡೆದಳು. ಹೆಸರು ಕಾರ್ಯದಿಂದ ಬಂದುದು.

ಹೊಸ ಪುಸ್ತಕಗಳ ಮುಖ್ಯ ಕೊರತೆಯನ್ನು ಈಗ ಹೇಳಬಹುದು. ಅವು ಕಾಳಿಯ ಹೆಸರನ್ನು ಹಿಡಿದಿವೆ, ನಡೆಯುವುದು ಮಾತ್ರ ಪಂಚಾಂಗದ ಹಾದಿಯಲ್ಲಿ. ನಿನ್ನ ಕರಿಯ ಚಂದ್ರನು ಎಂಟನೆಯ ಮನೆಯಲ್ಲಿದ್ದಾನೆ, ಆದುದರಿಂದ ನೀನು ಗೂಢೆ, ಪ್ರಚಂಡೆ, ಬಲಿಷ್ಠೆ ಎಂದು ಅವು ಹೇಳುತ್ತವೆ. ನಿನ್ನ ಚಂದ್ರನು ಮೂಲೆಯಲ್ಲಿದ್ದಾನೆ, ಆದುದರಿಂದ ನೀನು ಮಾವನನ್ನು ಕೊಲ್ಲುವೆ ಎಂದು ನಮ್ಮ ಊರಿನ ಜೋಯಿಸರು ಹೇಳುತ್ತಾರೆ. ಒಂದು ಹೊಗಳಿಕೆ, ಒಂದು ತೆಗಳಿಕೆ, ತರ್ಕವು ಒಂದೇ. ಎರಡರಲ್ಲಿಯೂ ಹೆಂಗಸು ಏನು ಮಾಡಿದಳು, ಏತಕ್ಕಾಗಿ ಸಿಟ್ಟಾದಳು ಎಂಬ ಪ್ರಶ್ನೆಗೆ ಜಾಗವಿಲ್ಲ. ಮದುವೆಯ ಮಾತು ಮೂರು ಸಲ ಮುರಿದ ಹುಡುಗಿಗೆ ನಿನ್ನೊಳಗೆ ಕರಾಳ ಶಕ್ತಿಯಿದೆಯೆಂದು ಸಂತೈಸುವವರು, ಆ ಮಾತು ಆಕೆಗೆ ಹೊಸದಲ್ಲವೆಂಬುದನ್ನು ಅರಿಯರು. ಅದನ್ನು ಬಲ್ಲವರೆಂದುಕೊಂಡೇ ವರನ ಕಡೆಯವರು ಎದ್ದುಹೋದುದು.

ಕನ್ನಡದಲ್ಲಿ ಈ ಸಮಸ್ಯೆಯನ್ನು ಎದುರಿಸಿದ ಕಾವ್ಯವೊಂದಿದೆ. ಜನ್ನನ ಯಶೋಧರಚರಿತೆಯನ್ನು (೧೨೦೯) ಹಿಂಸಾನಿಷೇಧದ ಕಾವ್ಯವೆಂದು ಓದುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಅದರಲ್ಲಿ ಇಬ್ಬರು ಕರಾಳ ಸ್ತ್ರೀಯರಿದ್ದಾರೆ. ಒಬ್ಬಳು ಚಂಡಮಾರಿ, ಆಕೆಯ ಗುಡಿಯ ರಕ್ತದ ಜಾತ್ರೆಯಲ್ಲಿಯೇ ಕಾವ್ಯವು ತೆರೆಯುವುದು. ಇನ್ನೊಬ್ಬಳು ಅಮೃತಮತಿ. ಆನೆಯ ಲಾಯದಿಂದ ಬಂದ ಹಾಡೊಂದಕ್ಕೆ ಸೋತು, ಹಾಡಿದವನು ಅಷ್ಟಾವಂಕನೆಂಬ ಕುರೂಪಿಯೆಂದು ದೂತಿಯು ಬಂದು ತಿಳಿಸಿದರೂ ಹಿಂಜರಿಯದೆ, ಅರಮನೆಯ ಹಾಸಿಗೆಯಿಂದೆದ್ದು ಕತ್ತಲೆಯಲ್ಲಿ ನಡೆದವಳು. ಒಲಿದ ಮೇಲೆ ರೂಪದ ಮಾತೇಕೆಂದು ಆಕೆ ದೂತಿಗೆ ಕೊಡುವ ಉತ್ತರವನ್ನು ಜನ್ನನು ಅಪಹಾಸ್ಯಕ್ಕಾಗಿ ಬರೆದನೋ ಆದರದಿಂದ ಬರೆದನೋ ಹೇಳುವುದು ಕಷ್ಟ. ಪದ್ಯದ ನಡಿಗೆಯು ಆದರದ ಕಡೆಗೇ ಸಾಕ್ಷಿ ಹೇಳುತ್ತದೆ. ಮಾವಟಿಗನು ಆಕೆಯನ್ನು ಹೊಡೆಯುವ ಸನ್ನಿವೇಶವನ್ನು ಓದುವಾಗ ಮಾತ್ರ, ಇದನ್ನು ‘ಕತ್ತಲೆಯನ್ನು ಅಪ್ಪಿಕೊಳ್ಳುವುದು’ ಎಂದು ಕೊಂಡಾಡುವವರ ನಾಲಗೆಯೂ ತಡವರಿಸಬೇಕು.

ಇದನ್ನು ಕಣ್ಣಾರೆ ಕಂಡ ಯಶೋಧರನು ಮಾಡಿದುದೇನು? ಎತ್ತಿದ ಕತ್ತಿಯನ್ನು ತಡೆದುಕೊಂಡನು. ಅದು ಅವನ ಹಿರಿಮೆ. ಬಳಿಕ ತಾಯಿಯೊಡನೆ ನಿಜವನ್ನು ಹೇಳಲಾರದೆ ಕೆಟ್ಟ ಕನಸಿನ ನೆಪವೊಡ್ಡಿದನು. ತಾಯಿ ಚಂದ್ರಮತಿಗೆ ಒಡನೆಯೇ ಹೊಳೆದುದು ಶಾಂತಿ: ದೇವಿಗೆ ಬಲಿ ಕೊಡಬೇಕು. ಮಗನು ಕೊಲೆಯನ್ನು ಒಲ್ಲೆನೆಂದುದಕ್ಕೆ ಹಿಟ್ಟಿನ ಹುಂಜ. ಕಡಿದಾಗ ಆ ಹುಂಜವು ಕೂಗಿತು. ಗಿರೀಶ ಕಾರ್ನಾಡರು ೧೯೮೦ರಲ್ಲಿ ಈ ಕಥೆಯನ್ನು ನಾಟಕವಾಗಿಸಿದಾಗ ಹುಂಜದ ಹೆಸರನ್ನೇ ತಲೆಬರಹವಾಗಿಟ್ಟುದು ಉಚಿತವಾಗಿದೆ. ಮನೆಯೊಳಗೆ ನಡೆದುದೊಂದು, ದೇವಿಯ ಮುಂದೆ ಒಪ್ಪಿಸಿದುದೊಂದು. ಹೆಂಡತಿಯನ್ನು ಕೇಳಬೇಕಾದ ಪ್ರಶ್ನೆಯನ್ನು ಕೇಳದೆ, ಕನಸಿಗೂ ಗ್ರಹಕ್ಕೂ ದೇವತೆಗೂ ಅದನ್ನು ಹೊರಿಸಿ, ಹಿಟ್ಟಿನಿಂದ ತೀರಿಸಿಕೊಳ್ಳಹೋದರು. ಮೂಲಾಶಾಂತಿಗೆಂದು ಹೋಮಕುಂಡದ ಮುಂದೆ ಕುಳಿತವರ ಮನೋಧರ್ಮವು ಇದಕ್ಕೆ ಬಹಳ ದೂರವಲ್ಲ.

ಜನ್ನನು ಇಲ್ಲಿಯವರೆಗೆ ಬಂದು ಮುಂದೆ ಹೋಗಲಿಲ್ಲವೆಂಬುದನ್ನೂ ಹೇಳಬೇಕು. ಅಮೃತಮತಿಯು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಅಲ್ಲಿಂದ ಮುಂದೆ ಆಕೆಗೆ ಕವಿಯ ಬಳಿಯಲ್ಲಿ ಉಳಿದಿರುವುದು ನರಕವೊಂದೇ. ಯಶೋಧರ ಚಂದ್ರಮತಿಯರು ನವಿಲು ನಾಯಿಗಳಾಗಿ ಮೊದಲುಮಾಡಿ ಜನ್ಮಜನ್ಮಾಂತರ ತೊಳಲಿ, ಅಭಯರುಚಿ ಅಭಯಮತಿಯರಾಗಿ ಹುಟ್ಟಿ, ಅದೇ ಚಂಡಮಾರಿಯ ಗುಡಿಯಲ್ಲಿ ಮಾರಿದತ್ತನ ಎತ್ತಿದ ಕತ್ತಿಯ ಮುಂದೆ ನಿಲ್ಲುತ್ತಾರೆ. ಅರಸನು ಅಭಯರುಚಿಯ ಬಾಯಿಂದ ಹಿಂದಿನದನ್ನೆಲ್ಲ ಕೇಳುತ್ತಾನೆ. ನಾವು ಅಮೃತಮತಿಯನ್ನು ಕುರಿತು ಬಲ್ಲುದೆಲ್ಲವೂ, ಆ ಹಾಡು, ಆ ಕತ್ತಲೆ, ದೂತಿಗೆ ಕೊಟ್ಟ ಆ ಉತ್ತರ ಕೂಡ, ಆಕೆಯ ಕೈಯಿಂದ ವಿಷವುಂಡವನು ಹೇಳಿದುದು.